ದುಬೈಯಲ್ಲಿ ನಮ್ಮ ಹುಡುಗರ ಮೊದಲ ಮ್ಯಾಚು

ಹೊರಡುವ ಮುನ್ನ

ನಾನು ದುಬೈಗೆ ಹೋಗುತ್ತೇನೆ ಎಂದಾಗ ನಮ್ಮ ಬೀದಿಯವರೆಲ್ಲ ಚಿನ್ನದ ಮಾತೇ ಆಡಿದರು. ಎದುರುಮನೆಯಾಕೆ ಬಳೆಯ ಅಳತೆಯನ್ನು ದಾರದಲ್ಲಿ ಹಿಡಿದು ತಂದುಕೊಟ್ಟಳು. ಫುಟ್‌ಬಾಲ್ ನೋಡಲಿಕ್ಕೆ ಹೋಗುತ್ತಿದ್ದೇನೆ ಎಂದರೆ ಒಬ್ಬರಾದರೂ ನಂಬಬೇಕಲ್ಲ! ರಿಟೈರಾದ ಭೂಗೋಳದ ಟೀಚರು ಜೀವಮಾನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು, ಆಸ್ಟ್ರೇಲಿಯಾದವರ ಫುಟ್‌ಬಾಲ್ ನೋಡಲು ಅರಬರ ದೇಶಕ್ಕೆ ಹೋಗುತ್ತಾಳೆ ಎಂದರೆ ಯಾರಿಗಾದರೂ ಅನುಮಾನ ಬರುವುದು ಸಹಜ. ಆದರೆ ನಾನು ಹೇಳಿದ್ದು ಸತ್ಯ.

ಇದು ಶುರುವಾದದ್ದು 1980ರಲ್ಲಿ. ನಾನು ಮೈಸೂರಿನವಳಾದರೂ ನೌಕರಿ ಸಿಕ್ಕಿದ್ದು ಮಂಗಳೂರಿನ ಹತ್ತಿರ, ಕಡಲ ಬದಿಯ ಒಂದು ಹೈಸ್ಕೂಲಿನಲ್ಲಿ. ಆ ವರ್ಷ ಕೆವಿನ್ ಎಂಬ ಆಸ್ಟ್ರೇಲಿಯಾದ ತರುಣ ಇಂಗ್ಲಿಷ್ ಕಲಿಸಲು ಅಲ್ಲಿಗೆ ಬಂದ. ಬರುವಾಗ ಸೂಟ್‌ಕೇಸಿನಲ್ಲಿ ಪಪ್ಪಾಯಿಯ ಆಕಾರದ ಒಂದು ಕೆಂಪು ಚರ್ಮದ ಚೆಂಡು ತಂದಿದ್ದ. ನಮ್ಮ ಪಿ.ಟಿ. ಮೇಷ್ಟ್ರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಉರುಟಿಲ್ಲದ್ದು ಚೆಂಡೇ ಅಲ್ಲ" ಎಂದು ಕೈ ತೊಳೆದುಕೊಂಡರು. ಆಟದ ಜವಾಬ್ದಾರಿಗೆ ಬೇರೊಬ್ಬರು ಬೇಕಾಯಿತು. ಹೆಡ್‌ಮಾಸ್ಟರು ಸ್ಟಾಫ್‌ರೂಮಿಗೆ ಬಂದು, "ಆಸ್ಟ್ರೇಲಿಯಾ ಯಾರ ಪಾಠದಲ್ಲಿ ಬರ್ತದೆ?" ಎಂದು ಕೇಳಿದರು. ನಾನು ಪೆದ್ದಿ, ಕೈ ಎತ್ತಿದೆ. ಅಂದಿನಿಂದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊರಳಿಗೆ ಸೀಟಿ ಹಾಕಿಕೊಂಡು ಅಂಪೈರ್ ಆದೆ.

ಆಟ ಹೀಗೆ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು. ಹಿಡಿದು ಓಡುವವನ ಸೊಂಟಕ್ಕೆ ಕೈಹಾಕಿ ಕೆಡವಬಹುದು. ಮೈದಾನದ ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಆರು ಪಾಯಿಂಟು, ಬದಿಯ ಸಂದಿಯಲ್ಲಿ ಹೋದರೆ ಒಂದು. ಕಂಬ ದಾಟುವ ಮೊದಲು ಎದುರಾಳಿಯ ಬೆರಳು ತಾಗಿದರೂ ಒಂದೇ. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಅವನು ನಿಂತು ಸಾವಕಾಶವಾಗಿ ಒದೆಯಬಹುದು. ಇಷ್ಟು ತಿಳಿದರೆ ಸಾಕು, ನನಗೂ ಗೊತ್ತಿದ್ದದ್ದು ಇಷ್ಟೇ.

ಹದಿನೆಂಟು ಹುಡುಗರು ಸೇರಿದರು. ಅಬ್ಬಬ್ಬಾ, ಏನು ಹುಚ್ಚು ಹಿಡಿಯಿತು ಅವರಿಗೆ! ಆದರೆ ಆಡುವುದು ಯಾರ ಜೊತೆ? ಜಿಲ್ಲೆಯಲ್ಲಿ ಆ ಆಟದ ಹೆಸರು ಕೇಳಿದವರೇ ಇರಲಿಲ್ಲ. ಹಾಗಾಗಿ ಹದಿನೆಂಟನ್ನು ಎರಡು ಮಾಡಿ, ಬಾವಿಯ ಕಡೆ ಒಂಬತ್ತು, ರಸ್ತೆಯ ಕಡೆ ಒಂಬತ್ತು ಎಂದು ನಿಲ್ಲಿಸಿದೆವು. ಎರಡು ವರ್ಷ ಪ್ರತಿ ಸಂಜೆ ತಮ್ಮತಮ್ಮಲ್ಲೇ ಕಾದಾಡಿದರು. ಸ್ಕೂಲಿನ ಟೀಮ್ ಎಂದು ಫೋಟೋ ತೆಗೆಸಿದೆವು, ಹೆಡ್‌ಮಾಸ್ಟರು ಭಾಷಣದಲ್ಲಿ ಹೊಗಳಿದರು. ಆದರೆ ಆ ಟೀಮ್ ಒಂದು ದಿನವೂ ಒಟ್ಟಿಗೆ ಒಂದು ಕಡೆ ನಿಂತು ಆಡಲಿಲ್ಲ. ಕೆವಿನ್ ಊರಿಗೆ ಹೋದ, ಹುಡುಗರು ಎಸ್ಸೆಸ್ಸೆಲ್ಸಿ ಮುಗಿಸಿ ಚೆದುರಿದರು. ಮುಕ್ಕಾಲು ಪಾಲು ಗಲ್ಫ್ ಸೇರಿದರು.

2004ರ ಜನವರಿಯಲ್ಲಿ ರೊನಾಲ್ಡ್ ಫೋನ್ ಮಾಡಿದ. ಅವನು ರಸ್ತೆ ಕಡೆಯವರ ಕ್ಯಾಪ್ಟನ್ ಆಗಿದ್ದವನು.

"ಟೀಚರ್, ಇಲ್ಲಿ ಆಸ್ಟ್ರೇಲಿಯಾದವರು ವಾರ ವಾರ ನಮ್ಮ ಆಟ ಆಡ್ತಾರೆ! ನಾನು ಹೋಗಿ ಕೇಳಿದೆ. ಒಂದು ಮ್ಯಾಚ್ ಕೊಡ್ತೇವೆ ಅಂತ ಹೇಳಿದ್ರು. ಸಣ್ಣ ಗ್ರೌಂಡ್, ಹನ್ನೆರಡು ಜನ ಸಾಕು. ನೀವು ಬರ್ಲೇಬೇಕು."

"ನಾನು ಬಂದು ಏನೋ ಮಾಡ್ಲಿ?"

"ಬೈಲಿಕ್ಕೆ ಯಾರಾದ್ರು ಬೇಡವಾ ಟೀಚರ್?"

ಬರ್ ದುಬೈ

ಏರ್‌ಪೋರ್ಟಿನಲ್ಲಿ ನಾನು ಹುಡುಕಿದ್ದು ಹದಿನಾರು ವರ್ಷದ ಒಣಕಲು ಹುಡುಗನನ್ನು. ಹಾಗಾಗಿ "ಟೀಚರ್!" ಎಂದು ಕೂಗುತ್ತ ಬಂದ ಬೊಕ್ಕತಲೆಯ ದಪ್ಪ ಮನುಷ್ಯನನ್ನು ಯಾರೋ ಟ್ಯಾಕ್ಸಿಯವನೆಂದುಕೊಂಡು, "ನೋ, ನೋ" ಎಂದು ಟ್ರಾಲಿ ತಳ್ಳಿಕೊಂಡು ಮುಂದೆ ಹೋಗಿಬಿಟ್ಟೆ. ಪಾಪ, ಹಿಂದಿನಿಂದ ಓಡಿ ಬಂದು ಅಡ್ಡ ನಿಂತ. ನಕ್ಕಾಗ ಮುಂದಿನ ಮುರಿದ ಹಲ್ಲು ಕಂಡಿತು. ಆ ಹಲ್ಲು ಮುರಿದಾಗ ಸೀಟಿ ಊದಿದವಳು ನಾನೇ.

ಕ್ರೀಕ್ ಎನ್ನುವ ಕಡಲ ಹಿನ್ನೀರಿನ ಹತ್ತಿರ, ದೇವಸ್ಥಾನದ ಗಲ್ಲಿಯಿಂದ ಐದು ನಿಮಿಷದ ದಾರಿಯಲ್ಲಿ ರೊನಾಲ್ಡನ ಫ್ಲ್ಯಾಟು. ಅವನು ಹೋಟೆಲೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ನೂರಾರು ಹಾಸಿಗೆಗಳ ಚಾದರ ಸುಕ್ಕಿಲ್ಲದೆ ಎಳೆದಿದ್ದಾರೋ ಇಲ್ಲವೋ ನೋಡುವುದು ಅವನ ಕೆಲಸ. ಅಂಗಿಯನ್ನು ಚಡ್ಡಿಯೊಳಗೆ ಸೇರಿಸು ಎಂದು ಎರಡು ವರ್ಷ ಬಡಿದುಕೊಂಡರೂ ಕೇಳದ ಹುಡುಗ! ನನಗೆ ಹಾಸಿದ ಹಾಸಿಗೆ ಎಷ್ಟು ಬಿಗಿಯಾಗಿತ್ತೆಂದರೆ ಒಳಗೆ ತೂರಲು ನಾನು ಒದ್ದಾಡಬೇಕಾಯಿತು. ಹೊರಗೆ ಮರುಭೂಮಿ, ಒಳಗೆ ಏಸಿಯ ಚಳಿ. ಊಟಿಗೆಂದು ತೆಗೆದಿಟ್ಟಿದ್ದ ಸ್ವೆಟರನ್ನು ದುಬೈಯಲ್ಲಿ ಹಾಕಿಕೊಂಡು ಮಲಗಿದೆ.

ಬೆಳಿಗ್ಗೆ ರೊನಾಲ್ಡನ ಮಗಳು ರೆನಿಟಾ ನನ್ನನ್ನು ಬೀದಿ ತೋರಿಸಲು ಕರೆದುಕೊಂಡು ಹೋದಳು. ಎಂಟು ವರ್ಷದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ರಸ್ತೆ ದಾಟಲು ಅಂಚಿನಲ್ಲಿ ನಿಂತೆ. ದೊಡ್ಡ ಬಿಳಿ ಕಾರು ನಮ್ಮ ಮುಂದೆ ನಿಂತಿತು. ಹೋಗಲಿ ಎಂದು ನಾನು ಕಾದೆ. ದಾಟಲಿ ಎಂದು ಅದು ಕಾಯಿತು. ಒಳಗಿದ್ದ ಬಿಳಿ ನಿಲುವಂಗಿಯ ಅರಬ ಕೈಬೀಸಿದ, ನಾನೂ ಮರ್ಯಾದೆಗೆ ಕೈಬೀಸಿದೆ. ಹಿಂದೆ ಐದಾರು ಕಾರು ಸಾಲುಗಟ್ಟಿದವು. "ಟೀಚರ್ ಆಂಟಿ, ಹೀ ಈಸ್ ವೇಟಿಂಗ್ ಫಾರ್ ಯೂ!" ಎಂದು ರೆನಿಟಾ ನನ್ನನ್ನು ದರದರ ಎಳೆದುಕೊಂಡು ದಾಟಿಸಿದಳು. ನಮ್ಮ ಮಂಗಳೂರಿನ ಹಂಪನಕಟ್ಟೆಯಲ್ಲಿ ಯಾವ ಬಸ್ಸಾದರೂ ನನಗೋಸ್ಕರ ನಿಂತಿದ್ದರೆ ಈ ಅವಮಾನ ಆಗುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಲೆಕ್ಕ ಕೇಳಿದೆ. ಎಷ್ಟು ಜನ ಆದರು?

"ಹನ್ನೊಂದು" ಎಂದ ರೊನಾಲ್ಡ್. "ಮಸ್ಕತ್‌ನಿಂದ ಇಬ್ಬರು ಬರ್ತಾರೆ. ಅಲ್ ಕೂಜ್‌ನಲ್ಲಿ ಅಲ್ಯುಮಿನಿಯಂ ಕಿಟಕಿ ಮಾಡುವ ಹರೀಶನಿಗೆ ಫೋರ್ಮನ್ ರಜೆ ಕೊಟ್ಟಿದ್ದಾನೆ. ಊರಲ್ಲಿ ಇರುವವರನ್ನು ಬಿಡಿ. ವಸಂತ ತೀರಿಹೋದದ್ದು ನಿಮಗೆ ಗೊತ್ತುಂಟಲ್ಲ."

"ಗೊತ್ತು. ಹನ್ನೆರಡನೆಯವನು?"

"ಅಬುಧಾಬಿಯಲ್ಲಿ ಒಬ್ಬ ಇದ್ದಾನೆ. ಅವನ ಹೆಸರು ನನ್ನ ಬಾಯಲ್ಲಿ ಬರುದಿಲ್ಲ."

ಆ ಹೆಸರು ಸದಾಶಿವ; ಬಾವಿ ಕಡೆಯವರ ಕ್ಯಾಪ್ಟನ್ ಆಗಿದ್ದವನು. ಕೊನೆಯ ದಿನದ ಆಟದಲ್ಲಿ ರಸ್ತೆ ಕಡೆಯವರು ನಾಲ್ಕು ಪಾಯಿಂಟು ಮುಂದಿದ್ದರು. ಮುಗಿಯುವ ಹೊತ್ತಿಗೆ ಸದಾಶಿವ ನಡುಕಂಬಗಳ ಮಧ್ಯೆ ಒದ್ದ. ರೊನಾಲ್ಡ್ ಜಿಗಿದು, "ನನ್ನ ಬೆರಳು ತಾಗಿತು!" ಎಂದು ಕೂಗಿದ. ತಾಗಿದ್ದರೆ ಒಂದು, ಇಲ್ಲದಿದ್ದರೆ ಆರು. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ನಾನು ಏನನ್ನೂ ನೋಡಿರಲಿಲ್ಲ. ಅಂಪೈರ್ ನೋಡಲಿಲ್ಲ ಎಂದು ಹೇಳುವುದು ಹೇಗೆ? ರೊನಾಲ್ಡನ ಮಾತು ನಂಬಿ ಒಂದು ಪಾಯಿಂಟು ಕೊಟ್ಟೆ. ಇಪ್ಪತ್ತೆರಡು ವರ್ಷದಿಂದ ಅವರಿಬ್ಬರಿಗೂ ಮಾತಿಲ್ಲ. ದುಬೈ, ಅಬುಧಾಬಿ ಎಂದು ಇಷ್ಟು ಹತ್ತಿರದಲ್ಲಿದ್ದೂ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗಿಲ್ಲ. ಗಂಡಸರಿಗೆ ಮಾತು ಬಿಡಲು ಇಷ್ಟು ಸಾಕು ನೋಡಿ.

ದೇರಾ

ಕ್ರೀಕಿನ ಆಚೆಯೇ ದೇರಾ. ಅಬ್ರಾ ಎನ್ನುವ ಮರದ ದೋಣಿಯಲ್ಲಿ ದಾಟಬೇಕು. ನಮ್ಮ ಹೊಳೆಯ ಕಡವಿನ ದೋಣಿಗಳಲ್ಲಿ ಮೂವತ್ತು ವರ್ಷ ಓಡಾಡಿದವಳು ನಾನು, ಯಾರ ಕೈಯೂ ಹಿಡಿಯದೆ ಠೀವಿಯಿಂದ ಕಾಲಿಟ್ಟೆ. ದೋಣಿ ಸರಿಯಿತು. ನಾನು ಒಳಗೆ, ಒಂದು ಚಪ್ಪಲಿ ನೀರಿಗೆ! ಇಡೀ ದೋಣಿಯೇ "ಅರೆರೆರೆ" ಎಂದಿತು. ಬಾಂಗ್ಲಾದೇಶದ ಅಂಬಿಗ ಉದ್ದ ಕೋಲಿನಿಂದ ಅದನ್ನು ಮೇಲೆತ್ತಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಪಾಕಿಸ್ತಾನದ ಒಬ್ಬ ಅಜ್ಜ ತನ್ನ ಕರ್ಚೀಫಿನಲ್ಲಿ ಒರೆಸಿಕೊಟ್ಟ. ಬೇಡ ಬೇಡ ಎಂದರೂ ಕೇಳಲಿಲ್ಲ. ಹಸಿ ಚಪ್ಪಲಿ ಚರಕ್ ಚರಕ್ ಎನಿಸುತ್ತ ನಾನು ಮಸಾಲೆ ಬಜಾರು ಹೊಕ್ಕೆ.

ಅಲ್ಲಿ ಇಬ್ರಾಹಿಮನ ಅಂಗಡಿ. ಅವನದ್ದಲ್ಲ, ಅವನು ಇಪ್ಪತ್ತೊಂದು ವರ್ಷ ಕೆಲಸ ಮಾಡಿದ ಅಂಗಡಿ. ರಸ್ತೆ ಕಡೆಯ ಒಂಬತ್ತರಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತಿದ್ದ ಮೆತ್ತಗಿನ ಹುಡುಗ ಅವನು. ಒಂದು ದಿನ ಕೂಡ ಎದುರಿನ ಕಂಬದ ಹತ್ತಿರ ಹೋದವನಲ್ಲ. ನಕ್ಷೆ ಬಿಡಿಸು ಎಂದರೆ ಶ್ರೀಲಂಕಾವನ್ನು ಆಫ್ರಿಕಾದ ಪಕ್ಕಕ್ಕೆ ಅಂಟಿಸುತ್ತಿದ್ದ. ಈಗ ಗಿರಾಕಿ ನೋಡಿ ಫಾರ್ಸಿ, ರಷ್ಯನ್, ಅರಬಿ ಎಂದು ಭಾಷೆ ಬದಲಿಸುತ್ತಾನೆ.

"ಟೀಚರ್, ಈ ಏಲಕ್ಕಿ ಗ್ವಾಟೆಮಾಲದ್ದು. ಈ ಲವಂಗ ಜಾಂಜಿಬಾರ್‌ದ್ದು. ಈ ಒಣಲಿಂಬೆ ಒಮಾನಿಂದ ಬರ್ತದೆ. ಕೇಳಿ, ಎಂತ ಬೇಕಾದ್ರು ಕೇಳಿ!"

"ಅಂತೂ ಪಾಸಾದೆ ಕಣೋ" ಎಂದೆ. ಎಷ್ಟು ಖುಷಿಯಾಯಿತೆಂದರೆ ಅವನ ಬೆನ್ನಿಗೆ ಗುದ್ದಿಬಿಟ್ಟೆ.

ಅಂಗಡಿ ಅರ್ಧ ಖಾಲಿಯಾಗಿತ್ತು. ಯಜಮಾನ ತೀರಿಕೊಂಡ ಮೇಲೆ ಮಕ್ಕಳು ಮಳಿಗೆ ಬಿಟ್ಟುಕೊಡುತ್ತಿದ್ದಾರಂತೆ. ಇಬ್ರಾಹಿಮನ ವೀಸಾ ಕ್ಯಾನ್ಸಲ್ ಆಗಿತ್ತು. ಶನಿವಾರ ಬೆಳಿಗ್ಗೆಯ ವಿಮಾನದಲ್ಲಿ ಅವನು ಊರಿಗೆ ಹೊರಟಿದ್ದ, ಮತ್ತೆ ಬರುವ ಮಾತಿಲ್ಲ. ಮ್ಯಾಚು ಶುಕ್ರವಾರ ಸಂಜೆ. ರೊನಾಲ್ಡ್ ಅವಸರ ಮಾಡಿದ್ದು ಇದಕ್ಕೇ ಎಂದು ಆಗ ತಿಳಿಯಿತು.

ಅವನ ಕೋಣೆಗೂ ಹೋದೆ. ಒಂದು ಕೋಣೆಯಲ್ಲಿ ಆರು ಜನರ ಮಂಚ, ಒಂದರ ಮೇಲೊಂದು. ನಡುವೆ ಪ್ಲೈವುಡ್ಡು. ಅಡುಗೆಮನೆಯಲ್ಲಿ ಹೆಸರು ಬರೆದಿಟ್ಟ ಉಪ್ಪಿನ ಡಬ್ಬಗಳು. ಉಳಿದ ಐವರೂ ಟೀಚರ್ ಬಂದರೆಂದು ಎದ್ದು ನಿಂತರು. ಅವರಲ್ಲಿ ಒಬ್ಬನಿಗೂ ನಾನು ಏನೂ ಕಲಿಸಿದವಳಲ್ಲ! ಕಪ್ಪು ಚಹಾ ಕೊಟ್ಟು ಇಬ್ರಾಹಿಂ ನೆಲದ ಮೇಲೆ ಕೂತ.

"ನನಗೆ ಬೇಜಾರಿಲ್ಲ ಟೀಚರ್. ಮಗಳ ಮದುವೆ ಆಯ್ತು, ಮನೆ ಆಯ್ತು. ಆದ್ರೆ ಒಂದು ಆಸೆ ಉಂಟು. ನಮ್ಮ ಟೀಮು ಒಂದು ಸಲ, ಒಂದೇ ಒಂದು ಸಲ, ಎಲ್ಲ ಒಂದೇ ಕಡೆ ನಿಂತು ಆಡ್ಬೇಕು. ನಾನು ಹೋದ ಮೇಲೆ ಇಲ್ಲಿ ಹನ್ನೆರಡು ಜನ ಆಗುದೇ ಇಲ್ಲ. ಈ ಶುಕ್ರವಾರ ಇಲ್ಲಾಂದ್ರೆ ಇಲ್ಲ."

"ಹನ್ನೆರಡನೆಯವನನ್ನ ನಾನು ಕರ್ಕೊಂಡು ಬರ್ತೀನಿ" ಎಂದೆ. ಆವೇಶದಲ್ಲಿ ಹೇಳಿಬಿಟ್ಟೆ.

ಅಬುಧಾಬಿ

ಗುರುವಾರ ಮಿನಿಬಸ್ಸಿನಲ್ಲಿ ನಾನೂ ಇಬ್ರಾಹಿಮನೂ ಹೊರಟೆವು. ಇಕ್ಕೆಲದಲ್ಲೂ ಮರಳು, ಮರಳಿನ ನಡುವೆ ಹನಿ ಹನಿ ನೀರು ಕುಡಿದು ಬದುಕಿದ ಗಿಡಗಳ ಸಾಲು. ಪ್ರತಿ ಗಿಡಕ್ಕೂ ಒಂದು ಕಪ್ಪು ಪೈಪು! ಮರುಭೂಮಿಯ ಪಾಠವನ್ನು ಮೂವತ್ತು ವರ್ಷ ಮಾಡಿದ್ದೇನೆ, ಒಂದು ದಿನವೂ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಕಿಟಕಿಗೆ ಮೂಗು ಅಂಟಿಸಿಕೊಂಡು ಕೂತೆ. ಬೇಲಿಯಾಚೆ ಒಂಟೆ ಕಂಡಾಗ ಜೋರಾಗಿ ಕೂಗಿಬಿಟ್ಟೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ಪಠಾಣ ಬೆಚ್ಚಿ ಎದ್ದು, ಒಂಟೆಯನ್ನೂ ನನ್ನನ್ನೂ ನೋಡಿ, ಮತ್ತೆ ಕಣ್ಣು ಮುಚ್ಚಿದ.

ಸದಾಶಿವ ಸರಕಾರಿ ಕಂಟ್ರಾಕ್ಟಿನ ದೊಡ್ಡ ಕಂಪನಿಯಲ್ಲಿ ಅಕೌಂಟೆಂಟು. ಸಮುದ್ರ ಕಾಣುವ ಹನ್ನೊಂದನೆಯ ಮಹಡಿಯಲ್ಲಿ ಮನೆ. ಬಾಗಿಲು ತೆರೆದವನು ಕಾಲಿಗೆ ನಮಸ್ಕಾರ ಮಾಡಿ, ಒಳಗೆ ಕೂರಿಸಿ, ಖರ್ಜೂರ, ಗೋಡಂಬಿ, ನೀರ್‌ದೋಸೆ ಎಲ್ಲವನ್ನೂ ಒಟ್ಟಿಗೆ ತಂದಿಟ್ಟ. ತಿನ್ನುವ ತನಕ ಎಲ್ಲ ಸರಿಯಿತ್ತು. ಮ್ಯಾಚಿನ ಮಾತೆತ್ತಿದೊಡನೆ ಮುಖ ಬಿಗಿಯಾಯಿತು.

"ಆ ಸುಳ್ಳನ ಒಟ್ಟಿಗೆ ನಾನು ಆಡುದಿಲ್ಲ ಟೀಚರ್."

"ನಲವತ್ತು ವರ್ಷ ಹತ್ತಿರ ಬಂತಲ್ಲೋ ನಿನಗೆ! ಇನ್ನೂ ಅದೇ ಗೋಲಾ?"

"ಅದೇ. ನೀವು ಹೇಳಿ. ನೀವು ಕಂಡಿದ್ರಾ ಅವನ ಬೆರಳು ತಾಗಿದ್ದು?"

ಇಪ್ಪತ್ತೆರಡು ವರ್ಷ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಕೈಯಲ್ಲಿದ್ದ ಖರ್ಜೂರ ತಟ್ಟೆಗಿಟ್ಟೆ.

"ಇಲ್ಲ ಕಣೋ. ಬಿಸಿಲಿತ್ತು. ನನಗೆ ಕಾಣಲಿಲ್ಲ. ಕಾಣಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ತಪ್ಪು ನಂದೂ ಇದೆ."

ಅವನು ಕಿಟಕಿಯ ಕಡೆ ತಿರುಗಿದ. ಇಬ್ರಾಹಿಂ, "ನಾನು ಶನಿವಾರ ಹೋಗ್ತೇನೆ ಸದಾ" ಎಂದು ಮಾತ್ರ ಹೇಳಿದ. ಸದಾಶಿವನ ಕಣ್ಣು ಒದ್ದೆಯಾದದ್ದು ನಾನು ನೋಡಿದೆ. ಆದರೂ ಜಗ್ಗಲಿಲ್ಲ.

"ನೀವು ಹೇಳಿದ್ದು ದೊಡ್ಡ ಮಾತು ಟೀಚರ್. ಆದ್ರೆ ಹೇಳ್ಬೇಕಾದ್ದು ನೀವಲ್ಲ. ಅವನು ಹೇಳ್ಲಿ."

ವಾಪಸ್ ಬರುವಾಗ ನಾನು ಒಂಟೆಯನ್ನೂ ನೋಡಲಿಲ್ಲ. ಮನೆಗೆ ಬಂದು ರೊನಾಲ್ಡನಿಗೆ ಎಲ್ಲ ಹೇಳಿದೆ. ಅವನು ಎದ್ದು ಹೋಗಿ, ನಾಳೆ ಹಾಕುವ ಹಸಿರು ಟೀ ಶರ್ಟುಗಳಿಗೆ ಇಸ್ತ್ರಿ ಮಾಡತೊಡಗಿದ. ಹನ್ನೆರಡಕ್ಕೂ ಮಾಡಿದ.

ಶುಕ್ರವಾರ, ಮೈದಾನ

ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಊರು ನಿಧಾನಕ್ಕೆ ಕಣ್ಣು ಬಿಡುತ್ತದೆ. ಊರ ಹೊರಗೆ, ಮರಳಿನ ನಡುವೆ, ಒಮ್ಮೆಲೇ ಹಸಿರು ಹುಲ್ಲಿನ ಮೈದಾನ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಬಿಳಿ ಕಂಬ. ನಿಜವಾದ ಕಂಬಗಳು! ನಾವು ಅಡಿಕೆ ಮರದ ಸಲಾಕೆ ನೆಟ್ಟು ಆಡಿದವರು.

ಹುಡುಗರು ಒಬ್ಬೊಬ್ಬರಾಗಿ ಬಂದರು. ಹುಡುಗರು ಎನ್ನುತ್ತಿದ್ದೇನೆ, ಹೊಟ್ಟೆ ನೋಡಿದರೆ ಒಬ್ಬೊಬ್ಬನೂ ಇಬ್ಬರ ಲೆಕ್ಕ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವವನು ಚೀಲದ ತುಂಬ ಬ್ಯಾಂಡೇಜು ತಂದಿದ್ದ. ಮಸ್ಕತ್‌ನ ಇಬ್ಬರು ಹಲ್ವ ತಂದಿದ್ದರು. ಹರೀಶ ಅಲ್ ಕೂಜ್‌ನಿಂದ ಕಂಪನಿಯ ಬೂಟಿನಲ್ಲೇ ಬಂದಿದ್ದ. ಎಲ್ಲರೂ ಒಟ್ಟಿಗೆ ಮಾತು, ಒಬ್ಬರ ಬೊಕ್ಕತಲೆಗೆ ಇನ್ನೊಬ್ಬರ ನಗೆ. ನನ್ನ ಮುಂದೆ ಬಂದಾಗ ಮಾತ್ರ ಕೈಕಟ್ಟಿ ನಿಲ್ಲುವುದು.

ಆಸ್ಟ್ರೇಲಿಯಾದವರು ಇಪ್ಪತ್ತೈದು, ಮೂವತ್ತರ ಪ್ರಾಯದ ಗಟ್ಟಿಮುಟ್ಟಾದ ಆಳುಗಳು. ಬ್ಯಾಂಕು, ಕಟ್ಟಡದ ಕಂಪನಿಗಳಲ್ಲಿ ಕೆಲಸ ಮಾಡುವವರು. ಅವರ ಕ್ಯಾಪ್ಟನ್ ಗ್ರೆಗ್, ಕೆಂಪುಗಡ್ಡದವನು. ಬಂದು ತಲೆ ಎಣಿಸಿದ. ನಮ್ಮದು ಹನ್ನೊಂದು. ಬಹಳ ಒಳ್ಳೆಯ ಮನುಷ್ಯ ಪಾಪ, ಅದೇ ತೊಂದರೆಯಾಯಿತು. "ನೋ ವರೀಸ್! ಎಲ್ಲರನ್ನೂ ಕಲಸಿ ಎರಡು ಟೀಮ್ ಮಾಡೋಣ, ನಿಮ್ಮವರು ಅರ್ಧ ಅಲ್ಲಿ, ಅರ್ಧ ಇಲ್ಲಿ. ಮಜಾ ಇರುತ್ತೆ" ಎಂದ.

ಇಬ್ರಾಹಿಂ ಟೀ ಶರ್ಟಿನ ಅಂಚನ್ನು ಬೆರಳಿಗೆ ಸುತ್ತುತ್ತ, "ಅಡ್ಡಿಲ್ಲ ಟೀಚರ್. ಹಾಗಾದ್ರೂ ಆಡುವ" ಎಂದ. ನಗಲು ನೋಡಿದ, ಆಗಲಿಲ್ಲ.

"ನೋ!" ಎಂದೆ ನಾನು. ಗ್ರೆಗ್ ಒಂದು ಹೆಜ್ಜೆ ಹಿಂದೆ ಸರಿದ. "ನೋ ಮಿಕ್ಸಿಂಗ್! ಟೆನ್ ಮಿನಿಟ್ಸ್!"

ಹತ್ತು ನಿಮಿಷದಲ್ಲಿ ಏನು ಮಾಡುತ್ತೇನೋ ನನಗೇ ಗೊತ್ತಿರಲಿಲ್ಲ. ಆಗ ರೊನಾಲ್ಡ್ ಮೊಬೈಲು ತೆಗೆದ. ನಂಬರು ಒತ್ತಿ, ನಮ್ಮೆಲ್ಲರ ಎದುರಿಗೇ ಮಾತಾಡಿದ.

"ಸದಾ, ನಾನು ರೊನಾಲ್ಡ್. ಫೋನ್ ಇಡ್ಬೇಡ, ಕೇಳು. ಆವತ್ತು ನನ್ನ ಬೆರಳು ತಾಗ್ಲಿಲ್ಲ. ತಾಗ್ಲೇ ಇಲ್ಲ ಮಾರಾಯ. ಗೋಲ್ ಆಗಿತ್ತು. ನೀವು ಗೆದ್ದದ್ದು. ಸೋಲ್ಲಿಕ್ಕೆ ಮನಸ್ಸಿಲ್ಲದೆ ಸುಳ್ಳು ಹೇಳಿದೆ. ಇಲ್ಲಿ ಎಲ್ಲರೂ ಕೇಳ್ತಾ ಇದ್ದಾರೆ. ಟೀಚರ್ ಸಹ ಕೇಳ್ತಾ ಇದ್ದಾರೆ. ಇಬ್ರಾಹಿಮನ ಮುಖ ನೋಡ್ಲಿಕ್ಕೆ ಆಗುದಿಲ್ಲ. ನೀನು ಬಾ."

ನನಗೆ ಮೊದಲು ಬಂದದ್ದು ಸಿಟ್ಟು. ಎಲಾ ಕಳ್ಳ! ಆ ಹಲ್ಲಿನ ಪಕ್ಕದ ಹಲ್ಲನ್ನೂ ಉದುರಿಸಬೇಕೆನಿಸಿತು. ಆಮೇಲೆ ಅವನ ಮುಖ ನೋಡಿದೆ, ಸಿಟ್ಟು ಇಳಿಯಿತು. ಫೋನಿನಾಚೆಯಿಂದ ಏನು ಉತ್ತರ ಬಂತೋ, ರೊನಾಲ್ಡ್ ಕಣ್ಣರಳಿಸಿ ಪಾರ್ಕಿಂಗ್ ಕಡೆ ನೋಡಿದ.

ಅಲ್ಲಿ ಬೆಳ್ಳಿ ಬಣ್ಣದ ಕಾರಿನ ಬಾಗಿಲು ತೆರೆಯಿತು. ಸದಾಶಿವ ಚಡ್ಡಿ, ಹೊಸ ಬೂಟು ಹಾಕಿಕೊಂಡೇ ಇಳಿದ. ಅಬುಧಾಬಿಯಿಂದ ಬಂದು ಮುಕ್ಕಾಲು ಗಂಟೆಯಿಂದ ಕಾರಿನೊಳಗೆ ಏಸಿ ಹಾಕಿಕೊಂಡು ಕೂತಿದ್ದನಂತೆ! ನೆಟ್ಟಗೆ ರೊನಾಲ್ಡನ ಹತ್ತಿರ ಬಂದು, "ಇಪ್ಪತ್ತೆರಡು ವರ್ಷ ಬೇಕಾಯ್ತಾ ನಿನಗೆ?" ಎಂದ. ಇಬ್ಬರೂ ತಬ್ಬಿಕೊಂಡರು. ಹೊಟ್ಟೆಗಳು ಅಡ್ಡ ಬಂದವು, ಆದರೂ ತಬ್ಬಿಕೊಂಡರು.

"ಯಲ್ಲಾ, ಯಲ್ಲಾ!" ಎಂದು ಗ್ರೆಗ್ ಅರಬಿಯಲ್ಲಿ ಅವಸರಪಡಿಸಿದ. ಕ್ಯಾಪ್ಟನ್ ಯಾರು ಎಂದು ಕೇಳಿದ್ದಕ್ಕೆ ಇಬ್ಬರು ಹಳೆಯ ಕ್ಯಾಪ್ಟನ್‌ಗಳೂ ಇಬ್ರಾಹಿಮನನ್ನು ಮುಂದೆ ತಳ್ಳಿದರು.

ಮ್ಯಾಚು

ಶುರುವಾದ ಎರಡನೆಯ ನಿಮಿಷದಲ್ಲಿ ಚೆಂಡು ರೊನಾಲ್ಡನಿಗೆ ಸಿಕ್ಕಿತು. ಅಹಾ, ಹೇಗೆ ಓಡಿದ! ಎದುರಿಗೆ ಒಬ್ಬ ಆಸ್ಟ್ರೇಲಿಯಾದವನೂ ಇಲ್ಲ. ಹಿಂದಿನಿಂದ ಯಾರೋ ಹಾರಿ ಬಂದು ಅವನ ಸೊಂಟ ಹಿಡಿದು ದೊಪ್ಪನೆ ಕೆಡವಿದರು. ನೋಡಿದರೆ ಸದಾಶಿವ!

"ಎಂತ ಮಾರಾಯ, ನಾನು ನಿನ್ನ ಕಡೆ!"

"ಅಯ್ಯೋ, ಮರ್ತುಹೋಯ್ತು!"

ಒಬ್ಬನದೇ ಕಥೆಯಲ್ಲ. ಹರೀಶ ನರ್ಸನ ಕೈಯಿಂದ ಚೆಂಡು ಕಿತ್ತುಕೊಂಡು ತಿರುಗಿ ಓಡಿದ. ಮಸ್ಕತ್‌ನವನೊಬ್ಬ ಹಳೇ ರಸ್ತೆ ಕಡೆಯವರಿಗೆ ಬಿಟ್ಟು ಬೇರೆ ಯಾರಿಗೂ ಚೆಂಡು ಕೊಡಲಿಲ್ಲ. ಇವರ ಕಾಲಿಗೆ, ಕೈಗೆ, ಮೈಗೆ ಗೊತ್ತಿದ್ದದ್ದು ಒಂದೇ: ಬಾವಿಯವನು ಕಂಡರೆ ರಸ್ತೆಯವನು ಮೇಲೆ ಬೀಳಬೇಕು. ಎಲ್ಲರದ್ದೂ ಒಂದೇ ಹಸಿರು ಟೀ ಶರ್ಟಾದರೂ ಕಣ್ಣಿಗೆ ಬಟ್ಟೆ ಕಾಣುತ್ತಿರಲಿಲ್ಲ, ಹಳೆಯ ಮುಖ ಕಾಣುತ್ತಿತ್ತು. ಆಸ್ಟ್ರೇಲಿಯಾದವರು ಮೊದಲು ಬೆರಗಾದರು. ಆಮೇಲೆ ನಕ್ಕು ನಕ್ಕು ಸುಸ್ತಾದರು. ತಾವು ಅಡ್ಡ ಬರುವುದೇ ಬೇಡ ಎಂದು ಪಕ್ಕಕ್ಕೆ ಸರಿದು ನಿಂತು, ಚೆಂಡು ಹೊರಬಂದಾಗ ಎತ್ತಿಕೊಂಡು ಹೋಗಿ ಗೋಲು ಹಾಕಿದರು. ಕಾಲು ಭಾಗ ಆಟ ಮುಗಿದಾಗ ಅವರದು ಮೂವತ್ತೊಂದು, ನಮ್ಮದು ಸೊನ್ನೆ.

ಬಿಡುವಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದೆ. "ನಾಚಿಕೆ ಆಗಲ್ವೇನ್ರೋ! ಇದಕ್ಕಾ ನಾನು ವಿಮಾನ ಹತ್ತಿ ಬಂದದ್ದು?" ಹನ್ನೆರಡು ಗಂಡಸರು ತಲೆ ತಗ್ಗಿಸಿ ಬೂಟು ನೋಡಿಕೊಂಡರು. ರೆನಿಟಾ ಬಾಯಿ ತೆರೆದು ಅಪ್ಪನನ್ನು ನೋಡುತ್ತಿದ್ದಳು.

ಆಗ ಇಬ್ರಾಹಿಂ ಮೆಲ್ಲಗೆ ಹೇಳಿದ, "ಟೀಚರ್, ನಾನು ಅಂಗಡಿಯಲ್ಲಿ ಗಲಾಟೆ ಉಂಟಾದ್ರೆ ಮುಖ ನೋಡುದಿಲ್ಲ, ಭಾಷೆ ಕೇಳ್ತೇನೆ. ಎಲ್ಲರೂ ತುಳುವಲ್ಲಿ ಬೊಬ್ಬೆ ಹಾಕುವ. ತುಳು ಕೇಳಿದ್ರೆ ನಮ್ಮವ. ಅವನನ್ನು ಮುಟ್ಲಿಕ್ಕಿಲ್ಲ."

ಮನೆಯಲ್ಲಿ ರೊನಾಲ್ಡನದು ಕೊಂಕಣಿ, ಇಬ್ರಾಹಿಮನದು ಬ್ಯಾರಿ. ಆದರೆ ತುಳು ಗೊತ್ತಿಲ್ಲದವನು ಆ ಟೀಮಿನಲ್ಲಿ ಒಬ್ಬನೂ ಇರಲಿಲ್ಲ, ಮೈಸೂರಿನ ನನ್ನೊಬ್ಬಳನ್ನು ಬಿಟ್ಟು. ಅಲ್ಲಿಂದ ಮುಂದೆ ಮೈದಾನದ ತುಂಬ "ಕೊರ್ಲ! ಕೊರ್ಲ!", "ಇಂಚಿ ಬಲ!" ಎಂಬ ಬೊಬ್ಬೆ. ಕೊಡು, ಇಲ್ಲಿ ಬಾ ಎಂದರ್ಥ, ಅಷ್ಟು ನನಗೂ ಬರುತ್ತಿತ್ತು, ನಾನೂ ಕೂಗಿದೆ. ಆಸ್ಟ್ರೇಲಿಯಾದವರಿಗೆ ತಲೆಬುಡ ತಿಳಿಯಲಿಲ್ಲ. ಹರೀಶ ನರ್ಸನಿಗೆ ಕೊಟ್ಟ, ನರ್ಸ್ ರೊನಾಲ್ಡನಿಗೆ ಒದ್ದ, ರೊನಾಲ್ಡ್ ತಲೆ ಎತ್ತಿ ನೋಡಿ, ಸದಾಶಿವನಿಗೆ ಕೊಟ್ಟ! ಸದಾಶಿವ ನಡುಕಂಬಗಳ ಮಧ್ಯೆ ಒದ್ದ. ಆರು ಪಾಯಿಂಟು! ಹಲ್ವದ ಡಬ್ಬ ಎತ್ತಿಕೊಂಡು ನಾನು ಗೆರೆಯುದ್ದಕ್ಕೂ ಓಡಿದೆ. ಯಾಕೆ ಡಬ್ಬ ಎಂದು ಕೇಳಬೇಡಿ, ಕೈಯಲ್ಲಿತ್ತು.

ಇನ್ನೆರಡು ಗೋಲು ಬಂತು, ಬಿಡಿ ಪಾಯಿಂಟುಗಳು ಐದು. ಒಟ್ಟು ಇಪ್ಪತ್ಮೂರು. ಅವರದು ಎಪ್ಪತ್ತೊಂದಕ್ಕೆ ಹೋಗಿತ್ತು ಅನ್ನಿ. ಯಾರಿಗೆ ಬೇಕಿತ್ತು ಅದು! ಕೊನೆಯಲ್ಲಿ ಎಲ್ಲರೂ ಇಬ್ರಾಹಿಮನನ್ನು "ಮುಂದೆ ಹೋಗು, ಮುಂದೆ ಹೋಗು" ಎಂದು ಅಟ್ಟಿದರು. ಹುಟ್ಟಿದ ಮೇಲೆ ಮೊದಲ ಸಲ ಅವನು ಎದುರಿನ ಕಂಬಗಳ ಹತ್ತಿರ ಹೋಗಿ ನಿಂತ. ಸದಾಶಿವ ದೂರದಿಂದ ಒದ್ದ ಚೆಂಡು ತೇಲಿ ಬಂತು. ಇಬ್ರಾಹಿಂ ಎರಡೂ ತೋಳು ಚಾಚಿ, ಮಗುವನ್ನು ಎತ್ತಿಕೊಳ್ಳುವ ಹಾಗೆ, ಎದೆಗವಚಿ ಹಿಡಿದ. ಅದೇ ಕ್ಷಣಕ್ಕೆ ಆಟ ಮುಗಿಯಿತೆಂದು ಗ್ರೆಗ್‌ನ ಹೆಂಡತಿ ಕಾರಿನ ಹಾರ್ನು ಒತ್ತಿದಳು.

ನನ್ನ ಜೀವ ಹಾರಿತು. ಆದರೆ ಗ್ರೆಗ್ ಕೈ ಎತ್ತಿ ವಿವರಿಸಿದ. ಹೀಗೆ ಹಿಡಿದವನಿಗೆ ಹೊತ್ತು ಮುಗಿದ ಮೇಲೂ ಒಂದು ಒದೆತ ಬಾಕಿ ಇರುತ್ತದಂತೆ. ಅವನು ಒದೆಯುವ ತನಕ ಆಟ ಮುಗಿಯುವುದಿಲ್ಲ. ಇಪ್ಪತ್ತನಾಲ್ಕು ಜನರೂ ನಿಂತಲ್ಲೇ ನಿಂತರು. ಇಬ್ರಾಹಿಂ ಒಬ್ಬನೇ, ಕೈಯಲ್ಲಿ ಚೆಂಡು, ಮುಂದೆ ಕಂಬಗಳು.

ಅವನು ಒದೆಯಲಿಲ್ಲ. ಹಿಂದೆ ತಿರುಗಿ ಹನ್ನೊಂದು ಜನರನ್ನೂ ಒಬ್ಬೊಬ್ಬರನ್ನಾಗಿ ನೋಡಿದ. ಮರಳಿನ ಮೇಲೆ ಬಿಸಿಲು ಇಳಿಯುತ್ತಿತ್ತು.

"ಒದಿ ಮಾರಾಯ!" ಎಂದ ರೊನಾಲ್ಡ್.

ಇಬ್ರಾಹಿಂ ಗೆರೆಯಾಚೆ ನಿಂತ ನನ್ನ ಕಡೆ ನೋಡಿದ. "ಟೀಚರ್, ಒದ್ರೆ ಮುಗೀತದಲ್ಲ."

ಮೂವತ್ತು ವರ್ಷ ಮಕ್ಕಳಿಗೆ ಬೇಗ, ಬೇಗ ಎಂದವಳು ನಾನು. "ನಿಂತ್ಕೊಳ್ಳೋ" ಎಂದೆ. "ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತ್ಕೋ. ಯಾರು ಏನು ಹೇಳ್ತಾರೋ ನಾನು ನೋಡ್ತೀನಿ."

ಅಡ್ಡ ನಿಂತು ಕೈ ಎತ್ತಿದ್ದ ಗ್ರೆಗ್ ಕೈ ಇಳಿಸಿದ. ಅವನ ಕಡೆಯ ಒಬ್ಬ ಹುಲ್ಲಿನ ಮೇಲೆ ಕೂತ. ಇಬ್ರಾಹಿಂ ನಿಂತ. ಆಮೇಲೆ ಮುಂಗೈಯಿಂದ ಮುಖ ಒರೆಸಿಕೊಂಡು, ನಾಲ್ಕು ಹೆಜ್ಜೆ ಓಡಿ ಒದ್ದ. ಚೆಂಡು ಎತ್ತರಕ್ಕೂ ಹೋಗಲಿಲ್ಲ, ನೆಟ್ಟಗೂ ಹೋಗಲಿಲ್ಲ. ಬದಿಯ ಸಂದಿಯಲ್ಲಿ ಉರುಳುತ್ತ ದಾಟಿತು. ಒಂದು ಪಾಯಿಂಟು. ಇಪ್ಪತ್ತನಾಲ್ಕು.

ಹನ್ನೊಂದು ಜನ ಕೂಗುತ್ತ ಓಡಿ ಬಂದು ಅವನನ್ನು ಹೆಗಲ ಮೇಲೆ ಹೊತ್ತರು. ಒಂದು ಹೆಗಲು ರೊನಾಲ್ಡನದು, ಇನ್ನೊಂದು ಸದಾಶಿವನದು. ಮೇಲೆ ಕೂತ ಇಬ್ರಾಹಿಂ ಅಳುತ್ತಿದ್ದನೋ ನಗುತ್ತಿದ್ದನೋ ದೇವರೇ ಬಲ್ಲ. ಎರಡೂ ಕೈ ಎತ್ತಿ, ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದ:

"ಸೋತೆವು ಟೀಚರ್! ಎಲ್ಲರೂ ಒಟ್ಟಿಗೆ ಸೋತೆವು!"